ಯೇತೋ, ಯೇತೆ

“ನಾಳೆ ಆಕಿ ಗಡಹಿಂಗ್ಲಜ ಸ್ಟ್ಯಾಂಡಿಗಿ ಬರ್ತಾಳಕ್ಕಾ. ನೀ ಮಾತ್ರ ಬರಬ್ಯಾಡ. ಆಕಿಗಿ ಭಾಳ ನಾಚಿಕಿ.”

“ನನಗಿಂತಾನೂ?” ಎಂದಳು ನೇತ್ರಾ. ಮಯೂರಿ ಕಿಸಕ್ಕನೆ ನಕ್ಕಳು.

ಎಂಟನೆಯ ಇಯತ್ತೆಯ ಈ ತಂಗಿ ಸೀರೆಯ ಅಂಚಿಗೆ ನಕ್ಷೆ ಬಿಡಿಸುವುದನ್ನು ಮೊಬೈಲ್ ನೋಡಿಯೇ ಕಲಿತಿದ್ದಳು. ಇಚಲಕರಂಜಿಯ ಆ ಓಣಿಯಲ್ಲಿ ಮಗ್ಗಗಳ ಸದ್ದಿಗೆ ಪಕ್ಕದ ಮನೆಯವರ ಮಾತೂ ಕೇಳಿಸದು. ಅವಳು ಆನ್‌ಲೈನಿನಲ್ಲಿ ಹಾಕುತ್ತಿದ್ದ ನಕ್ಷೆಗಳನ್ನು ಮೆಚ್ಚಿದವರೆಲ್ಲ ದೂರದೂರಿನವರು. ಅವರಲ್ಲೊಬ್ಬಳು ಈ ಸ್ನೇಹಲ. ಗಡಹಿಂಗ್ಲಜದವಳು, ಅದೇ ಇಯತ್ತೆ. ನಾಳೆ ಮನೆಯವರೆಲ್ಲ ಅಲ್ಲಿಗೇ, ಸೋದರತ್ತೆಯ ಮನೆಗೆ ಹೊರಟಿದ್ದರು.

“ನಾ ‘ಯೇತೋ’ ಅಂದ್ರ ಟೀಚರ್ ಬೈತಾರ. ಆಕಿ ಮರಾಠಿ ನೋಡು, ಪುಸ್ತಕದಂಗ!” ಮಯೂರಿ ಮೊಬೈಲ್ ಚಾಚಿದಳು.

‘ಮೀ ಏಕಟೀ ಯೇತೆ. ತೂ ಪಣ ಏಕಟೀಚ ಯೇ.’ ನಾನು ಒಬ್ಬಳೇ ಬರುತ್ತೇನೆ, ನೀನೂ ಒಬ್ಬಳೇ ಬಾ.

ಕನ್ನಡದಲ್ಲಿ ‘ಬರ್ತೀನಿ’ ಎಂದರೆ ಮುಗಿಯಿತು, ಹೆಣ್ಣಿಗೂ ಅದೇ, ಗಂಡಿಗೂ ಅದೇ. ಪುಸ್ತಕದ ಮರಾಠಿಯಲ್ಲಿ ಗಂಡು ‘ಯೇತೋ’, ಹೆಣ್ಣು ‘ಯೇತೆ’. ಆದರೆ ಕೊಲ್ಹಾಪುರ ಸೀಮೆಯ ಹುಡುಗಿಯರು ಹರಟೆಗೆ ಕೂತರೆ ‘ಯೇತೋ’ ಎನ್ನುವವರೇ. ಅತ್ತೆಯ ಮಗಳಂತೂ ಬರೆಯುವುದೂ ಹಾಗೆಯೇ. ನೇತ್ರಾ ಹಿಂದಿನ ಮಾತುಗಳನ್ನೆಲ್ಲ ಸರಿಸಿ ನೋಡಿದಳು. ಈ ಸ್ನೇಹಲ ಒಮ್ಮೆಯೂ ಬಾಯಿ ತಪ್ಪಿ ‘ಯೇತೋ’ ಎಂದಿರಲಿಲ್ಲ. ಹೆಣ್ಣಾಗಿರಲು ಇಷ್ಟು ಎಚ್ಚರ ಯಾಕೆ?

“ಮಯೂ, ಆಕಿ ದನಿ ಕೇಳಿಯೇನು?”

“ಮೈಕ್ ಕೆಟ್ಟೈತಂತ. ಫೋಟೋ ಐತಲ್ಲ! ಖರೇ ಅನಸವಲ್ದೇನ? ತಡಿ, ಸಾಲ್ಯಾಗ ಕಲಿಸ್ಯಾರ.” ಅಕ್ಕನನ್ನು ಸೋಲಿಸುವ ಹುರುಪಿನಲ್ಲಿ ಅದು ಬೇರೆಲ್ಲಾದರೂ ಇದೆಯೇ ಎಂದು ಆ ಫೋಟೋವನ್ನೇ ಇಂಟರ್ನೆಟ್ಟಿನ ಹುಡುಕಾಟಕ್ಕೆ ಹಾಕಿದಳು.

ಅದೇ ಎರಡು ಜಡೆ, ಅದೇ ನಗು. ಯಾವುದೋ ಊರಿನ ಬಟ್ಟೆ ಅಂಗಡಿಯ ಹಳೆಯ ಜಾಹೀರಾತು.

ಮಯೂರಿ ಎರಡೂ ಫೋಟೋಗಳನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದಳು. “ಹಂಗಾರ ನಾ... ಇಷ್ಟ ದಿನಾ ಯಾರ ಕೂಡ ಮಾತಾಡಾಕತ್ತಿದ್ನಿ ಅಕ್ಕಾ?”

 ಅಷ್ಟರಲ್ಲಿ ಮೊಬೈಲ್ ಕಿಣಿಗುಟ್ಟಿತು. ಅಕ್ಕನಿಗೆ ಹೇಳಿಲ್ಲ ತಾನೇ ಎಂದು ಸ್ನೇಹಲ ಕೇಳಿದ್ದಳು. ಕೇಳಿದ್ದನು.

“ಎಲ್ಲಾ ಅಳಸ್ತೀನಿ! ಅಪ್ಪಾಗ ಹೇಳಬ್ಯಾಡ, ಮೊಬೈಲ್ ಕಸಗೋತಾನ.”

“ಒಂದಕ್ಷರಾನೂ ಅಳಸಬ್ಯಾಡ. ಕಸಗೊಳ್ಳಾಕ ನಾ ಬಿಡಂಗಿಲ್ಲ. ಕಳ್ಳನ್ನ ಹಿಡಕೊಟ್ಟದ್ದೂ ಈ ಮೊಬೈಲ್ ಅಲ್ಲೇನ?”

ಮನೆಗೆ ಬಂದವರಿಗೆ ನೀರು ಕೊಡುವಾಗಲೂ ತಲೆ ಎತ್ತದ ನೇತ್ರಾ, ತಂಗಿಯ ಕೈ ಹಿಡಿದು, ಅಪ್ಪ ಮಗ್ಗ ನಡೆಸುತ್ತಿದ್ದ ಮನೆ ಮುಂದಿನ ಶೆಡ್ಡಿನ ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಚೀರಿದಳು.

“ಅಪ್ಪಾ, ಮಗ್ಗಾ ನಿಂದ್ರಸು!”

ಮಗ್ಗ ನಿಂತಿತು. ಆ ಮೌನದಲ್ಲಿ ಮೊಬೈಲ್ ಮತ್ತೊಮ್ಮೆ ಕಿಣಿಗುಟ್ಟಿತು.