ತುಂಬಿದ ಬಟ್ಟಲಿನ ಚಮಚ

ಮೈದುನ ಹಾಯೋ ಚಹಾಕ್ಕೆ ಬರುತ್ತಾನೆಂದು ತಾಲೆಯಾ ಕಪಾಟಿನಿಂದ ನೀಲಿ ಹೂವಿನ ಪಿಂಗಾಣಿಯನ್ನೇ ಇಳಿಸಿದಳು. ಅತ್ತೆಯ ಅಜ್ಜಿಯ ಕಾಲದ್ದು, ಹಬ್ಬಕ್ಕೆ ಮತ್ತು ಸಾವಿಗೆ ಬಿಟ್ಟರೆ ಹೊರಗೆ ಬರದು. ಹಿಂದಿನ ಸಲ ಬಂದದ್ದು ಅವಳ ಗಂಡ ಐಲರ್ಟ್‌ನ ಖಾಲಿ ಶವಪೆಟ್ಟಿಗೆ ಹೂತ ದಿನ. ಅಣ್ಣನನ್ನು ಅಲೆ ಎಳೆದುಕೊಂಡು ಹೋಯಿತು ಎಂದಿದ್ದ, ಅದೇ ಮೀನುದೋಣಿಯಲ್ಲಿದ್ದ ಹಾಯೋ. ಆಮೇಲೆ ವರ್ಷವಾದರೂ ಈ ಹೊಸಿಲು ತುಳಿದಿರಲಿಲ್ಲ. ತಪ್ಪು ಅಲೆಯದಾದರೆ ಇವನೇಕೆ ಅತ್ತಿಗೆಗೆ ಮುಖ ತಪ್ಪಿಸಬೇಕು?

ಇವತ್ತು ಬಾಯಿ ಬಿಡಿಸಲೇಬೇಕು. ಫ್ರೀಸ್‌ಲ್ಯಾಂಡಿನ ಈ ಕರಾವಳಿಯಲ್ಲಿ ಮೂರು ಬಟ್ಟಲು ಕುಡಿಯದೆ ಎದ್ದರೆ ಮನೆಯವರ ಮುಖಕ್ಕೆ ಹೊಡೆದ ಹಾಗೆ. ಸಾಕಾದವನು ಖಾಲಿ ಬಟ್ಟಲೊಳಗೆ ಚಮಚ ಇಡಬೇಕು, ಅಲ್ಲಿಯವರೆಗೆ ಮನೆಯಾಕೆ ಹೊಯ್ಯುತ್ತಲೇ ಇರುತ್ತಾಳೆ.

ಹಾಯೋ ಬಂದು ಕೂತ. ಮೊದಲ ಬಟ್ಟಲಿಗೆ ಬಿಸಿ ಚಹಾ ಬಿದ್ದು ಕಲ್ಲುಸಕ್ಕರೆ ಚಟ್ಟೆಂದಿತು.

"ಗಾಳಿ ಜೋರಾಗಿದೆ ಅತ್ತಿಗೆ."

"ಗಾಳಿ ಸುದ್ದಿಗೆ ನಿನ್ನ ಕರೀಬೇಕಿತ್ತೇನೋ? ಕಿಟಕಿ ತೆಗೆದಿದ್ರೆ ಸಾಕಿತ್ತು."

ಎರಡನೆಯದನ್ನು ಹಾಯೋ ನಾಲಿಗೆ ಸುಟ್ಟುಕೊಂಡು ಒಂದೇ ಉಸಿರಿಗೆ ಕುಡಿದ. ತಳದ ನೀಲಿ ಹೂವು ಕಂಡಿತು. ಅವಳು ಮೂರನೆಯದನ್ನು ಹೊಯ್ದಳು.

"ಅಲೆ ಅಲ್ಲ, ಅಲ್ವಾ?"

ಹಾಯೋ ಬಟ್ಟಲು ಮುಟ್ಟಲಿಲ್ಲ. "ಬಲೆ ತಳದಲ್ಲಿ ಸಿಕ್ಕಾಕ್ಕೊಳ್ತು. ದೋಣಿ ಮಗುಚ್ತಾ ಇತ್ತು. ಅಣ್ಣನ ಕಾಲು ಬಲೇಲಿ... ನಾನು ಹಗ್ಗ ಕಡಿದುಬಿಟ್ಟೆ. ಇನ್ನಿಬ್ರು ಇದ್ರು ಅತ್ತಿಗೆ, ಮಕ್ಕಳೊಂದಿಗರು."

"ಅವನೇ ಕಡಿ ಅಂದ್ನಾ?" ಹೌದು ಅನ್ನಲಿ ದೇವರೇ ಎಂದು ಒಳಗೇ ಬೇಡಿಕೊಂಡಳು.

"ಇಲ್ಲ. ಬೇಡ ಅಂದ. ಬೇಡ, ಬೇಡ ಅಂತಾನೇ ಇದ್ದ."

ಆ ಇಬ್ಬರಲ್ಲಿ ಒಬ್ಬ ಬೆಳಿಗ್ಗೆ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಇದೇ ದಾರಿಯಲ್ಲಿ ಹೋಗಿದ್ದ. ತಾಲೆಯಾ ಆ ಹುಡುಗಿಗೆ ಕೈಬೀಸಿದ್ದಳು. ಈಗ ಅದು ನೆನಪಾಗಿ, ಅವಳಿಗೆ ಅಪ್ಪ ಉಳಿದನೆಂದು ಆ ಹುಡುಗಿಯ ಮೇಲೇ ಸಿಟ್ಟು ಬಂತು. ಮಗುವಿನ ಮೇಲೆ ಹೀಗಾಯಿತಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು.

ಹಾಯೋ ತುಂಬಿದ ಬಟ್ಟಲಿಗೇ ಚಮಚ ಇಳಿಸಿದ. ಚಹಾ ಚೆಲ್ಲಿತು. ಹಾಗೆ ಯಾರೂ ಮಾಡುವುದಿಲ್ಲ. ಅವನು ಎದ್ದುನಿಂತ.

"ಕೂತ್ಕೋ." ತಾಲೆಯಾ ಚಮಚ ಹೊರತೆಗೆದು ಏಪ್ರನ್ನಿಗೆ ಒರೆಸಿ ತಟ್ಟೆಯಲ್ಲಿಟ್ಟಳು. "ಕ್ಷಮಿಸಿದೀನಿ ಅಂದ್ಕೋಬೇಡ. ಆದ್ರೆ ಕೊನೇಲಿ ಅವನ ಹತ್ರ ಇದ್ದೋನು ನೀನು. ಇನ್ನೇನಂದ?"

"ನಿನ್ನ ಹೆಸರು ಕೂಗಿದ."

ತಾಲೆಯಾ ಚೆಲ್ಲಿದ ಚಹಾ ಒರೆಸಿ ಬಟ್ಟಲನ್ನು ಅವನ ಮುಂದಕ್ಕೆ ತಳ್ಳಿದಳು.

"ಕುಡಿ," ಎಂದಳು. ಅವನು ಅಳುತ್ತಲೇ ಕುಡಿದ. ತಳದ ಹೂವು ಕಾಣುವ ಮೊದಲೇ ಅವಳು ನಾಲ್ಕನೆಯದನ್ನು ಹೊಯ್ದಳು.

"ಹೇಗೆ ಕೂಗಿದ? ಇನ್ನೊಂದ್ಸಲ ಹೇಳು."