ಸುವರ್ಣಾ ಯಾರಿಗೂ ಹೇಳದ ಮಾತ್ರೆಗಳು

ಆ ಬೇಸಿಗೆಯಲ್ಲಿ ಬೆಂಗಳೂರಿನ ಕಾಮಾಕ್ಷಿಪಾಳ್ಯದ ಒಂದು ಗಲ್ಲಿಯ ನಲ್ಲಿ ನೀರಿಗೆ ಚರಂಡಿ ನೀರು ಸೇರಿತ್ತು. ಒಂದೇ ತಿಂಗಳಲ್ಲಿ ನಾಲ್ಕು ಜನಕ್ಕೆ ಕಾಮಾಲೆಯಾಯಿತು. ನಾಲ್ವರೂ ಗುಣವಾದರು. ಹಾಗಾಗಿ ಅದೇ ಗಲ್ಲಿಯ ಸುವರ್ಣಾಳ ಕಣ್ಣು ಹಳದಿಯಾದಾಗ ಮನೆಯಲ್ಲಿ ಯಾರೂ ಅಷ್ಟಾಗಿ ಹೆದರಲಿಲ್ಲ.

ಸುವರ್ಣಾ ಗಾರ್ಮೆಂಟ್ಸ್‌ನಲ್ಲಿ ಶರ್ಟಿನ ಕಾಲರ್ ಹೊಲಿಯುತ್ತಿದ್ದಳು. ಗಂಡ ದುಂಡೇಶ ಬೈಕಿನಲ್ಲಿ ಊಟದ ಪಾರ್ಸೆಲ್ ತಲುಪಿಸುವವನು. ಸಿಂದಗಿ ಕಡೆಯಿಂದ ಬಂದವರು. ದುಂಡೇಶನ ತಾಯಿ ಹನುಮವ್ವ ಜೊತೆಗೇ ಇದ್ದಳು.

ಆರು ವಾರಗಳ ಹಿಂದೆ ಸುವರ್ಣಾಳಿಗೆ ಟಿಬಿ ಇರುವುದು ಗೊತ್ತಾಗಿತ್ತು. ದಿನಾ ಮಾತ್ರೆ ನುಂಗುತ್ತಿದ್ದಳು. ಗಂಡನಿಗೆ ಬಿಟ್ಟು ಯಾರಿಗೂ, ಅತ್ತೆಗೂ ಹೇಳಿರಲಿಲ್ಲ. ಸುದ್ದಿ ಹಬ್ಬಿದರೆ ಮಾಲೀಕರು ಮನೆ ಖಾಲಿ ಮಾಡಿಸುತ್ತಾರೆ ಎಂಬ ಭಯ. ಮಾತ್ರೆ ಶೀಟುಗಳನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟಿದ್ದಳು.

ಮೊದಲು ಹಸಿವು ಹೋಯಿತು. ಆಮೇಲೆ ವಾಂತಿ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ನಾಲ್ಕನೇ ದಿನ ಕಣ್ಣು ಹಳದಿಯಾಯಿತು.

"ನೀರಿನ ಕಾಮಾಲಿ ಐತಿ ಬಿಡು," ಎಂದಳು ಹನುಮವ್ವ. "ಬಾಜೂ ಮನಿಯಾಗೂ ಆಗಿತ್ತಲ್ಲ. ಬೇರಿನ ಔಷಧ ಕುಡಿಸಿದ್ರ ಎಂಟು ದಿನದಾಗ ಇಳೀತೈತಿ."

ನಾಟಿ ಔಷಧ ಶುರುವಾಯಿತು. ಟಿಬಿ ಮಾತ್ರೆಯೂ ನಡೆದೇ ಇತ್ತು. ಮೈ ಬಿಸಿಯಾಯಿತೆಂದು ದುಂಡೇಶ ಮೆಡಿಕಲ್ ಸ್ಟೋರಿನಿಂದ ಜ್ವರದ ಮಾತ್ರೆಯನ್ನೂ ತಂದ. ಮೂರನ್ನೂ ಅದೇ ಲಿವರ್ ಹೊರಬೇಕಿತ್ತು.

ಇನ್ನೂ ಐದು ದಿನ ಕಳೆಯಿತು. ಆಶಾ ಕಾರ್ಯಕರ್ತೆ ಸಂಘಮಿತ್ರಾ ಕಾಮಾಲೆ ಆದವರನ್ನು ವಿಚಾರಿಸುತ್ತ ಮನೆಗೆ ಬಂದಳು. ಸುವರ್ಣಾ ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಬ್ಲಡ್ ಟೆಸ್ಟ್ ಮಾಡ್ಸಿದ್ರಾ?"

"ಕಣ್ಣು ನೋಡಿದ್ರ ಗೊತ್ತಾಗಲ್ಲೇನವ್ವ?" ಎಂದಳು ಹನುಮವ್ವ.

"ಲಿವರ್‌ಗೆ ಏನೋ ಆಗಿದೆ ಅಂತ ಗೊತ್ತಾಗುತ್ತೆ ಅಷ್ಟೇ ಅಮ್ಮ. ವೈರಸ್ಸಿಂದ ಆಯ್ತಾ, ಮಾತ್ರೆಯಿಂದ ಆಯ್ತಾ ಅಂತ ಕಣ್ಣು ಹೇಳಲ್ಲ. ನೋಡಕ್ಕೆ ಎರಡೂ ಒಂದೇ ಥರ. ಸುವರ್ಣಾ, ಯಾವ್ದಾದ್ರೂ ಮಾತ್ರೆ ತಗೋತಾ ಇದೀಯಾ?"

"ಏನಿಲ್ರಿ ಮೇಡಂ," ಎಂದ ದುಂಡೇಶ.

ಸುವರ್ಣಾ ನಿಧಾನವಾಗಿ ಈ ಕಡೆ ತಿರುಗಿದಳು. "ಟಿಬಿ ಗುಳಿಗಿ ತಗೋತೀನ್ರಿ. ಅಕ್ಕಿ ಡಬ್ಬಿ ಹಿಂದ ಅದಾವ. ಇವತ್ತೂ ತಗೊಂಡೀನಿ."

ಸಂಘಮಿತ್ರಾ ಮಾತ್ರೆ ಶೀಟು, ನಾಟಿ ಔಷಧದ ಬಾಟಲಿ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಆಟೋ ಕರೆದಳು.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಕಾಮಾಲೆ ತರುವ ಎ, ಬಿ, ಸಿ, ಇ ಯಾವ ವೈರಸ್ಸೂ ಸಿಗಲಿಲ್ಲ. ಚೀಲದಲ್ಲಿದ್ದುದನ್ನೆಲ್ಲ ನೋಡಿ, ಇವುಗಳಿಂದಲೇ ಲಿವರ್ ಕೆಟ್ಟಿದೆ ಎಂದು ಡಾಕ್ಟರು ಎಲ್ಲವನ್ನೂ ನಿಲ್ಲಿಸಿದರು.

"ವಾಂತಿ ಶುರುವಾದಾಗ್ಲೇ ಬರ್ಬೇಕಿತ್ತು," ಎಂದರು. "ಮಾತ್ರೆ ನಿಲ್ಸಿ, ಲಿವರ್ ಸರಿಹೋದ್ಮೇಲೆ ಬದಲಾಯ್ಸಿ ಕೊಡ್ತಿದ್ವಿ. ತುಂಬ ಜನ ಹಾಗೇ ಗುಣ ಆಗ್ತಾರೆ."

ಲಿವರ್ ಪೂರ್ತಿ ಸೋತು, ಮೂರನೇ ದಿನ ಸುವರ್ಣಾಳಿಗೆ ಗಂಡನ ಗುರುತು ಸಿಗಲಿಲ್ಲ. ಆರನೇ ದಿನ ತೀರಿಕೊಂಡಳು. ಅವಳಿಗೆ ಇಪ್ಪತ್ತಾರು ವರ್ಷ.

ಮಾತಾಡಿಸಲು ಬಂದ ಮನೆ ಮಾಲೀಕ ಹನುಮಂತಯ್ಯ ಅವರು ಟಿಬಿ ಮುಚ್ಚಿಟ್ಟ ಕಾರಣ ಕೇಳಿ ಅಲ್ಲೇ ಕೂತರು. "ನಮ್ಮಪ್ಪಂಗೂ ಟಿಬಿ ಇತ್ತು ಕಣಪ್ಪ. ನಾನ್ಯಾಕೆ ನಿಮ್ಮನ್ನ ಬಿಡಿಸ್ತಿದ್ದೆ?"



ತಿಂಗಳ ನಂತರ ದುಂಡೇಶನಿಗೇ ಕೆಮ್ಮು ಹಿಡಿಯಿತು. ಪರೀಕ್ಷೆಯಲ್ಲಿ ಟಿಬಿ ಎಂದು ಬಂತು. ಸಂಘಮಿತ್ರಾ ಕೊಟ್ಟ ಮಾತ್ರೆಗಳನ್ನು ಹನುಮವ್ವ ಅವನ ಕೈಯಿಂದ ಕಿತ್ತುಕೊಂಡಳು.

"ಇವು ನನ್ನ ಸೊಸೀನ ತಿಂದಾವು. ಇವನ್ನ ನೀ ಮುಟ್ಟಬ್ಯಾಡ."

"ಅಮ್ಮ, ಔಷಧಿ ತಗೊಳ್ದಿದ್ರೆ ಟಿಬಿ ಜೀವ ತೆಗೆಯುತ್ತೆ. ಈ ಮಾತ್ರೆ ಲಿವರ್‌ಗೆ ತೊಂದ್ರೆ ಕೊಡೋದು ಕೆಲವ್ರಿಗೆ. ಬೇಗ ಗೊತ್ತಾದ್ರೆ ಸರಿಮಾಡ್ಬೋದು. ಸುವರ್ಣಾಗೆ ಒಂಬತ್ತು ದಿನ ಸುಮ್ನೆ ಹೋಯ್ತು," ಎಂದಳು ಸಂಘಮಿತ್ರಾ.

ಹನುಮವ್ವ ಮಗನ ಕಡೆ ತಿರುಗಿದಳು. "ನನಗರೆ ಹೇಳಬಾರದಿತ್ತೇನೋ? ನಾ ಆ ಬೇರು ಕುಡಸ್ತಿದ್ದಿಲ್ಲಲ್ಲೋ."

ದುಂಡೇಶ ಬಿಕ್ಕಿ ಬಿಕ್ಕಿ ಅತ್ತ. ಅವಳು ನೀರು ತಂದು, ಮಾತ್ರೆಯನ್ನು ಅವನ ಅಂಗೈಯಲ್ಲಿಟ್ಟಳು. ಈಗ ದಿನಾ ಬೆಳಿಗ್ಗೆ ಅವನನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ ಕಣ್ಣು ನೋಡುತ್ತಾಳೆ. ಡಾಕ್ಟರು ಹೇಳಿದ ದಿನ ರಕ್ತ ಪರೀಕ್ಷೆಗೆ ತಾನೇ ಕರೆದುಕೊಂಡು ಹೋಗುತ್ತಾಳೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಹೆದರಿ ಟಿಬಿ ಔಷಧಿ ಬಿಡಬೇಡಿ. ಆದರೆ ಮಾತ್ರೆ ತೆಗೆದುಕೊಳ್ಳುವಾಗ ವಾಂತಿ, ಹಳದಿ ಕಣ್ಣು, ಕಡು ಬಣ್ಣದ ಮೂತ್ರ ಕಂಡರೆ ಮುಂದಿನ ಮಾತ್ರೆ ನುಂಗದೆ ಅವತ್ತೇ ಆಸ್ಪತ್ರೆಗೆ ಹೋಗಿ. ಪಕ್ಕದ ಮನೆಯವರಿಗೆ ಬಂದ ಕಾಮಾಲೆಯೇ ನಿಮ್ಮದೂ ಎಂದುಕೊಳ್ಳಬೇಡಿ. ಟಿಬಿ ಮಾತ್ರೆಯಿರಲಿ, ನೋವಿನ ಮಾತ್ರೆಯಿರಲಿ, ನಾಟಿ ಔಷಧವಿರಲಿ, ಮನೆಯಲ್ಲಿರುವುದನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಹೋಗಿ ತೋರಿಸಿ. ಡಾಕ್ಟರು ಕೇಳದಿದ್ದರೂ ನೀವಾಗಿಯೇ ಹೇಳಿ.