ಲೆಕ್ಕದ ಗಂಗೆ

ಭಾರಿ ಮಳೆ ಎಂದು ಟೀವಿ ರಾತ್ರಿಯೆಲ್ಲ ಹೆದರಿಸಿದ್ದರೂ ಬೆಳಗ್ಗೆ ಚೆನ್ನೈನ ಮಾಧವರಂ ಮೇಲೆ ಎಳೆಬಿಸಿಲು ಹರಡಿತ್ತು. ಜಯಲಕ್ಷ್ಮಿ ದೇವರ ಮನೆಯ ಕಪಾಟಿನಲ್ಲಿ ಕೈಯಾಡಿಸುತ್ತಿದ್ದರು, ಗಂಗೆಯ ತಂಬಿಗೆ ಅಲ್ಲಿಲ್ಲವೆಂದು ಗೊತ್ತಿದ್ದೂ. ಗಂಡ ಮಧ್ವರಾಜರ ದೇಹವನ್ನು ಹಜಾರದಲ್ಲಿ ದರ್ಭೆಯ ಮೇಲೆ ಮಲಗಿಸಿದ್ದರು.

"ಅತ್ತೆ, ವಾದ್ಯಾರ್ ಮಂತ್ರ ನಿಲ್ಲಿಸಿ ಗಂಗೆ ಕೇಳ್ತಿದಾರೆ," ಸೋದರಳಿಯ ಸುಶಮೀಂದ್ರ ಬಾಗಿಲಲ್ಲಿ ನಿಂತ. "ಬಾಯಿಗೆ ಬಿಡಬೇಕಂತೆ."

"ನಿಮ್ಮ ಮಾವ ಅದನ್ನ ದಾನ ಮಾಡಿಬಿಟ್ರಪ್ಪ."

ಹೊರಗೆ ಮಧ್ವರಾಜರ ಹಳೆಯ ಸಹೋದ್ಯೋಗಿ ತಿರುಮಲ ಆಕಾಶ ನೋಡುತ್ತಿದ್ದರು. "ರಾಜ ಇದ್ದಿದ್ರೆ ನಗ್ತಿದ್ದ. ಮೊದಲಲ್ಲಿ ಕೂದಲೆಳೆಯಷ್ಟು ತಪ್ಪಿದ್ರೂ ಕೊನೇಲಿ ಸೇರೋ ಊರೇ ಬೇರೆ ಅಂತ, ಕೇಯಾಸ್ ಥಿಯರಿ ಅಂತ, ಬದುಕೆಲ್ಲ ಲೆಕ್ಕ ಹಾಕಿದ. ಮಳೆ ಬರತ್ತೇನೋ ಅಂದ್ರೆ ಮಾತ್ರ, ಕೊಡೆ ಇರಲಿ ಬಿಡು ಅಂತಿದ್ದ."

*

ಜಯಲಕ್ಷ್ಮಿಯವರ ಅತ್ತೆ ಕಾಶಿಯಿಂದ ತಂದಿದ್ದ, ಬಾಯಿಗೆ ಬೆಸುಗೆ ಹಾಕಿದ ಪುಟ್ಟ ತಾಮ್ರದ ತಂಬಿಗೆ ಅದು. ಮನೆಯವರ ಕೊನೆಗಾಲಕ್ಕೆಂದು ಇಟ್ಟದ್ದು. ವರ್ಷಗಳ ಹಿಂದೆ ಒಂದು ಸಂಜೆ ಗಣಿತ ಸಂಸ್ಥೆಯಿಂದ ಬಂದವರೇ ಮಧ್ವರಾಜರು ಅದನ್ನು ಕಾಗದಪತ್ರದ ಚೀಲದೊಳಗೆ ಇಳಿಸಿದರು. ಶಿಷ್ಯ ಸಿದ್ಧಲಿಂಗೇಶನ ತಾಯಿ ಕಲ್ಯಾಣಮ್ಮ, ಪ್ಯಾರೀಸ್ ಕಾರ್ನರಿನ ಅಂಗಡಿಯ ಮೇಲಿನ ಕೋಣೆಯಲ್ಲಿ ಕಾಶಿ, ಕಾಶಿ ಎಂದು ಕನವರಿಸುತ್ತ ಮಲಗಿದ್ದರು.

"ನಾಳೆ ನಮಗೆ?" ಎಂದರು ಜಯಲಕ್ಷ್ಮಿ.

"ಗಂಗೆ ಸಮುದ್ರ ಸೇರಿ ಮೋಡವಾಗಿ ಎಷ್ಟು ಯುಗ ಆಯ್ತು ಜಯಾ. ಕಲೆತದ್ದು ಮತ್ತೆ ಬೇರೆಯಾಗಲ್ಲ. ನಮ್ಮನೆ ನಲ್ಲಿ ನೀರಲ್ಲೂ ಅವಳ ಕಣ ಇದೆ. ಲೆಕ್ಕ ಮಾಡಿ ತೋರಿಸ್ಲಾ?"

"ಹಾಗಾದ್ರೆ ಕಲ್ಯಾಣಮ್ಮನಿಗೂ ನಲ್ಲಿ ನೀರೇ ಕೊಡಿ."

ಮಧ್ವರಾಜರು ಚಪ್ಪಲಿ ಮೆಟ್ಟುತ್ತಿದ್ದವರು ನಿಂತರು. "ಲೆಕ್ಕ ನನಗೆ ಗೊತ್ತು. ಆ ತಾಯಿಗೆ ಗೊತ್ತಿಲ್ವಲ್ಲ."

ಆಮೇಲೊಮ್ಮೆ ಸಮ್ಮೇಳನಕ್ಕೆಂದು ಕಾಶಿಗೇ ಹೋಗಿಬಂದರು. ಘಾಟಿನಲ್ಲಿ ಜೊತೆಜೊತೆಯಾಗಿ ಬಿಟ್ಟ ಎರಡು ಹೂವಿನಲ್ಲಿ ಒಂದು ಈ ದಡಕ್ಕೇ ಮರಳಿತು, ಇನ್ನೊಂದು ಸುಳಿ ಹಿಡಿದು ಹೋಯಿತು ಎಂದು ಹುಡುಗನಂತೆ ವರ್ಣಿಸಿದರು. ನೀರು ತರುವುದನ್ನು ಮರೆತಿದ್ದರು. ಜಯಲಕ್ಷ್ಮಿ ದಿನಗಟ್ಟಲೆ ಮಾತು ಬಿಟ್ಟಿದ್ದರು. ಈಗ ಆ ಮಾತಿಲ್ಲದ ದಿನಗಳಾದರೂ ಸಿಕ್ಕಿದ್ದರೆ ಎನಿಸಿತು.

*

"ಮೆಟ್ರೋ ವಾಟರ್‌ನಲ್ಲೂ ಗಂಗೆ ಇದಾಳಂತೆ. ಅವರದೇ ಲೆಕ್ಕ," ಎನ್ನುತ್ತ ಜಯಲಕ್ಷ್ಮಿ ಪಂಚಪಾತ್ರೆಯನ್ನು ನಲ್ಲಿಗೆ ಹಿಡಿದು, ತುಳಸಿದಳ ಹಾಕಿದರು. ಲೆಕ್ಕ ಗಂಡನಿಗೆ ಗೊತ್ತಿತ್ತು. ತನಗೆ ಗೊತ್ತಿಲ್ಲವಲ್ಲ.

ಹಿತ್ತಿಲ ಬಾಗಿಲಲ್ಲಿ ಯಾರೋ ಕೆಮ್ಮಿದರು. ಸಿದ್ಧಲಿಂಗೇಶ್. ತಲೆ ಪೂರ್ತಿ ನರೆತಿತ್ತು.

"ಅಮ್ಮಾರ, ನಾ ಕಾಶಿಗೆ ಹೋದಾಗನ ಗಂಗಿ ತಂದಿಟ್ಟಿದ್ದೆರಿ. ಸರ್ ತಗೊಳ್ಲಿಲ್ಲ. ನಿನ್ನ ಹತ್ರಾನೇ ಇರ್ಲಿ, ಬೇಕಾದಾಗ ಕೇಳ್ತೀನಿ ಅಂದ್ರು."

"ಕೇಳಿದ್ರಾ?"

"ಇಲ್ರಿ."

ಅವನು ವಸ್ತ್ರ ಬಿಚ್ಚಿ, ಬೆಸುಗೆ ಹಾಕಿದ ತಾಮ್ರದ ತಂಬಿಗೆಯನ್ನು ಅವರ ಖಾಲಿ ಅಂಗೈಯ ಮೇಲಿಟ್ಟು ಹಿಂದೆ ಸರಿದ.

ಸುಶಮೀಂದ್ರ ಚಾಕುವಿನ ಮೊನೆಯಿಂದ ಬೆಸುಗೆ ಬಿಡಿಸಿದ. ಜಯಲಕ್ಷ್ಮಿ ನಲ್ಲಿಯ ನೀರನ್ನು ಚೆಲ್ಲಲಿಲ್ಲ. ಗಂಗೆಯನ್ನು ಅದರೊಳಗೇ ಬಿಟ್ಟರು. ತುಳಸಿದಳ ಒಂದು ಸುತ್ತು ತಿರುಗಿ ನಿಂತಿತು.